ಇಳಸೂದು

ಎಡಗಡೆ, ಕೆಳಗ, ತುದೀಗೆ ನಾನು.
ಫೋಟೋದಾಗ ನನ್ನ ಮುಖ ಬರಂಗಿಲ್ಲ,
ಹೆಗಲಷ್ಟ ಬರತೈತಿ.

ಕಬಡ್ಡಿ ಟೀಮಿಗೆ ಹುರುಪು ತುಂಬಾಕ
ಕಾಲೇಜು ಹನ್ನೊಂದು ಹುಡುಗ್ಯಾರನ್ನ ಆರಿಸಿತ್ತು.
ಚಿಯರ್‌ಲೀಡಿಂಗ್ ಅಂದ್ರ ಮನ್ಯಾಗ ಬಿಡಂಗಿಲ್ಲಂತ
ಅವ್ವಗ "ಪಿ.ಟಿ." ಅಂದಿದ್ದೆ.
ಎರಡನೇ ಅಂತಸ್ತು ಏರೂದ್ರಾಗ ಕುಸೀತಿದ್ವಿ.
ಕುಸಿದಾಗೊಮ್ಮೆ ಕಬಡ್ಡಿ ಹುಡುಗೂರು ಸೀಟಿ ಹೊಡೀತಿದ್ರು,
ಯಾರು ಯಾರನ್ನ ಹುರಿದುಂಬಿಸಬೇಕಿತ್ತೋ ತಿಳೀದಂಗ.

ಮೊದಲನೇ ಅತಿಥಿ ಪುಣೆಯಿಂದ ಬಂದ್ರು, ಸಾಯಲಿ ಮೇಡಂ.
ಎರಡ ದಿನ. ಬಿಳೀ ಬೂಟು.
ಫೈವ್, ಸಿಕ್ಸ್, ಸೆವೆನ್, ಎಯ್ಟ್, ನಗೂದು, ಹಲ್ಲು ಕಾಣಬೇಕು.
ಮಣಿಕಟ್ಟು ಸೊಟ್ಟ ಆಗಧಂಗ ಹಿಡಿಯೂದು
ಅವರಿಂದನ ಕಲಿತ್ವಿ, ಸುಳ್ಳು ಹೇಳಬಾರದು.
ಹೋಗೂಮುಂದ, ತುದಿಯಾಗ ನಿಂದ್ರೂ ರೇಹಾನಾಗ ಅಂದ್ರು:
ಎರಡು ಕೇಜಿ ಇಳಿಸು.
ಆಕಿ ತನ್ನ ಡಬ್ಬಿ ನನಗ ಕೊಡಾಕ ಹತ್ತಿದಳು.
ನಾನು ತಿಂದೆ.

ಎರಡನೇ ಅತಿಥಿ ಸೈಕಲ್ ಮ್ಯಾಲ ಬಂದ.
ಎ.ಪಿ.ಎಂ.ಸಿ. ಹಮಾಲ ಯಮನಪ್ಪ ಕಾಕಾ.
ಶೈಲಶ್ರೀ ಟೀಚರ ಮನಿಗೆ ಕಬ್ಬಿಣದ ಕಪಾಟ
ಒಬ್ಬನ ಏರಿಸಿದ್ದನಂತ, ಮೂರನೇ ಮಾಳಿಗಿಗೆ.
ನಾವು ಬಾಯಿಗೆ ವೇಲ ಹಿಡದು ನಕ್ವಿ.

ಆತ ಮ್ಯಾಲ ನೋಡಲೇ ಇಲ್ಲ.
ಕುಕ್ಕರಗಾಲಿಲೆ ಕುಂತು ನಮ್ಮ ಪಾದ ನೋಡಿದ.
"ಬೆರಳ ಮ್ಯಾಲ ನಿಂತೀದಿ ತಂಗಿ.
ಹಿಮ್ಮಡ ಎಲ್ಲಿಟ್ಟು ಬಂದಿ, ಮನ್ಯಾಗೇನು?
ಬೆನ್ನೀಲೆ ಅಲ್ಲ, ತೊಡೀಲೆ ಎತ್ರಿ.
ಚೀಲ ಮಾತಾಡಂಗಿಲ್ಲ, ನಿಮ್ಮದು ಮಾತಾಡತೈತಿ,
ಕೇಳಕೋತ ಎತ್ರಿ."
ಆಮ್ಯಾಲ ರೇಹಾನಾನ ಕಾಲು ನಡುಗೂದು ಕಂಡ.
"ಉಂಡಿಯೇನವಾ?"
ಆಕಿ ನೆಲ ನೋಡಿದಳು.
"ಅರ್ಧಾ ಚೀಲ ಹೆಗಲ ಮ್ಯಾಲ ಜೋಲಿ ಹೊಡೀತೈತಿ,
ತುಂಬಿದ್ದು ಕುಂದರತೈತಿ.
ನಾಳಿ ಉಂಡು ಬಾ."

ನಾಲ್ಕು ದಿನ ಎತ್ತಾಕ ಬಿಡಲಿಲ್ಲ.
ಬರೇ ಇಳಸೂದು. ಬೆಂಚು, ಬಕೀಟು, ಆಮ್ಯಾಲ ಒಬ್ಬರನ್ನೊಬ್ಬರು.
"ಏರಸೂದು ಎಲ್ಲಾರಿಗೂ ಬರತೈತಿ.
ಹಳೇ ಬಾಗಲಕೋಟಿಗೆ ನೀರು ಬಂದಾಗ
ಈ ನವನಗರಕ್ಕ ಎಷ್ಟು ಮನೀ ಸಾಮಾನು ಹೊತ್ತೀನಿ,
ಬೀಸೂಕಲ್ಲು, ತೊಟ್ಟಲಾ, ನಿಲುಗನ್ನಡಿ.
ಒಡದದ್ದೆಲ್ಲಾ ಇಳಸೂಮುಂದ ಒಡದದ್ದು."

ಸಂಭಾವನಿ ಫಾರ್ಮಿನಾಗ ವಿದ್ಯಾರ್ಹತೆ ಅನ್ನೂ ಕಡೆ
ಗುಮಾಸ್ತ ಬಾಳೊತ್ತು ಪೆನ್ನು ಹಿಡಕೊಂಡು ಕುಂತ,
ಕಡೀಕ ಒಂದು ಗೆರಿ ಎಳದ.

ಸೆಮಿಫೈನಲ್ ನಮ್ಮವರು ಸೋತ್ರು, ಒಂಬತ್ತು ಪಾಯಿಂಟಿಲೆ.
ಅದಕ್ಕೂ ಮೊದಲ ನಾವು ಎದ್ದಿದ್ವಿ,
ಮೂರಂತಸ್ತು, ಏಳು ಎಣಿಸೂತನಕ.
ರೇಹಾನಾ ಏನು ಕಂಡಳೋ ಅಲ್ಲಿಂದ,
ನನಗ ಕಂಡದ್ದು ಮುಂದಿನಾಕಿ ಜಡಿ, ಒಂದು ಹೇರ್‌ಪಿನ್ನು.
ಚಪ್ಪಾಳಿ ಆಗಲೇ ಮುಗದಿತ್ತು ಆಕಿನ್ನ ಇಳಿಸಿದಾಗ,
ಮುಂಗಾಲು, ಹಿಮ್ಮಡ, ಸಪ್ಪಳಿಲ್ಲ.
ಇಳದಾಕಿನ ತನ್ನ ಚಪ್ಪಲ ಹುಡಕಾಕ ಹೋದಳು.

ರಾತ್ರಿ ಎಣ್ಣಿ ಹಚ್ಚೂಮುಂದ ಅವ್ವ ಕೇಳಿದಳು,
ಹೆಗಲ ಮ್ಯಾಲ ಇದೇನ ಗುರುತು, ಐದು ಬೆರಳಿಂದು?
ಪಿ.ಟಿ. ಅಂದೆ.