ಹತ್ತು ಗಂಟೆಯ ಗಂಟಲು

ಮೂರು ಪೆಡಲು ತಂದಿಟ್ಟ ಧರಣೇಂದ್ರ,
ನನ್ನ ಮೇಜಿನ ಮೇಲೆ, ಬಿಚ್ಚಿದ ಮಿಕ್ಸಿಯ ಪಕ್ಕ:
ಒಂದು ಹಸಿರು, ಒಂದು ಹಳದಿ,
ಇನ್ನೊಂದರ ಬಣ್ಣ ತುಳಿದು ತುಳಿದೇ ಹೋಗಿತ್ತು.
"ಇದರಲ್ಲಿ ಯಾವುದು ಬ್ಲೂಸಿಗೆ ಆಗುತ್ತೆ, ಅಕ್ಕ?"

ಬ್ಲೂಸ್ ನನಗೇನು ಗೊತ್ತು.
ಪೆನ್‌ಷನ್ ಮೊಹಲ್ಲಾದ ಈ ಅಂಗಡಿಯಲ್ಲಿ
ಅಬ್ಬಾ ಕಲಿಸಿದ್ದು ಒಂದೇ:
ಸದ್ದು ಕೆಟ್ಟಿದ್ದರೆ ಸರಿ ಮಾಡು.
ಇವನೋ, ಸರಿಯಿರುವುದನ್ನು
ಹದವಾಗಿ ಕೆಡಿಸಿಕೊಡು ಅನ್ನುತ್ತಾನೆ.

"ಎಷ್ಟು ಕೆಡಬೇಕು?"
ಆಲೂಗಡ್ಡೆ ಮಂಡಿಯಲ್ಲಿ ತೂಕ ಬರೆಯುವ ಹುಡುಗ,
ಬಲಗೈಯಲ್ಲಿ ಮಾತ್ರ ಉಗುರು ಉದ್ದ,
ಅದರ ಸಂದಿಯಲ್ಲಿ ಕೆಮ್ಮಣ್ಣು.
ಸ್ವಲ್ಪ ಹೊತ್ತು ಯೋಚಿಸಿ ಅಂದ:
"ಹರಾಜು ಕೂಗೋ ಜವರಣ್ಣ ಇದ್ದಾರಲ್ಲ,
ಬೆಳಿಗ್ಗೆ ಆರಕ್ಕೆ ಅವರದು ತೊಳೆದ ಲೋಟದಂಥ ದನಿ.
ಅದು ಬೇಡ.
ಹನ್ನೊಂದಕ್ಕೆ ಬರೀ ಗಾಳಿ, ಅದೂ ಬೇಡ.
ಹತ್ತು ಗಂಟೆಗೆ, ಚೀಲ ನಾನೂರು ದಾಟಿದ ಮೇಲೆ,
ಮೆಲ್ಲಗೆ ಅಂದರೆ ನಯ,
ಏರಿಸಿದರೆ ಅಂಚು ಹರಿಯುತ್ತೆ ನೋಡಿ,
ಆ ಗಂಟಲು ಬೇಕು."

ಹಳದಿಯದಕ್ಕೆ ಮುಟ್ಟಿದರೆ ರೇಗುವ ಗುಣ.
ಬಣ್ಣ ಹೋದದ್ದು ಆರು ತಂತಿಯನ್ನೂ ಕಲಸಿ
ಒಂದೇ ಅಂಬಲಿ ಮಾಡುತ್ತಿತ್ತು.
ಹಸಿರು ಪರವಾಗಿಲ್ಲ, ಬೆರಳಿನ ಮಾತು ಕೇಳುತ್ತೆ,
ಆದರೆ ನೆಗಡಿ. ಎಲ್ಲ ಮೂಗಿನಲ್ಲೇ. ಎದೆ ಇಲ್ಲ.
"ಇದೇ ಇರಲಿ," ಅಂದೆ. "ಎದೆ ನಾನು ಕೊಡ್ತೀನಿ."

ನಾಲ್ಕು ತಿರುಪು.
ಒಳಗೆ ಕಡಲೆಕಾಳಿನಷ್ಟು ಕೆಪಾಸಿಟರು,
ಮಂದ್ರವನ್ನು ಬಾಗಿಲಲ್ಲೇ ತಡೆದು ಕೂತಿತ್ತು.
ಅದನ್ನು ಕಿತ್ತು, ಎರಡರಷ್ಟಿನದನ್ನು ಹಾಕಿದೆ;
ದಪ್ಪ ತಂತಿ ಚಪ್ಪಲಿ ಬಿಟ್ಟು ಒಳಗೆ ಬಂತು.

ಇನ್ನು ದನಿ ಒಡೆಯುವ ಜಾಗ, ಡಯೋಡುಗಳ ಹೊಸಿಲು.
ಸಿಲಿಕಾನು ಎರಡು, ಎದುರುಬದುರು, ಒಂದೇ ಎತ್ತರ,
ಅಲೆಯ ತಲೆಯನ್ನೂ ಕಾಲನ್ನೂ ಸಮ ಕೊಯ್ಯುತ್ತವೆ.
ಜವರಣ್ಣನ ಗಂಟಲು ಸಮ ಹರಿದದ್ದಲ್ಲ.
ಒಂದು ಕಡೆ ಹೊಸಿಲು ತಗ್ಗಬೇಕು. ಜರ್ಮೇನಿಯಂ ಬೇಕು.
ಈಗ ಹಾಸನದಲ್ಲಿ ಅದನ್ನು ಯಾರು ಇಟ್ಟಿರುತ್ತಾರೆ?

ಅಟ್ಟದ ಮೇಲೆ ಒಂದು ರೇಡಿಯೋ ಇದೆ.
ಹಿಡಿಗೆ ಕಟ್ಟಿದ ಚೀಟಿಯಲ್ಲಿ ಅಬ್ಬಾನ ಗುಂಡು ಅಕ್ಷರ:
'ಪುಟ್ಟಾಚಾರಿ, ದುದ್ದ. ಮುಂಗಡ ಐದು ರೂ. ಸ್ಪೀಕರ್ ಹೋಗಿದೆ.'
ನಾನು ಹುಟ್ಟುವ ಮೊದಲಿನದು. ಆಚಾರಿ ಬರಲಿಲ್ಲ.
ಅಬ್ಬಾ ಮಾರಲಿಲ್ಲ, ಬಿಚ್ಚಲೂ ಬಿಡಲಿಲ್ಲ.
"ಕೆಲವರು ತಡವಾಗಿ ಬರ್ತಾರೆ ಬೇಟಿ," ಅನ್ನುತ್ತಿದ್ದರು.
ಆಮೇಲೆ ಅವರೇ ಹೋದರು.

ಬೆಸುಗೆ ಕಡ್ಡಿ ಕಾದಿತ್ತು. ಸುಮ್ಮನೆ ಕೂತೆ.
ಧರಣೇಂದ್ರ ರಸ್ತೆಯ ಕಡೆ ನೋಡಿದ.

ಗಾಜಿನ ಡಯೋಡು, ಅಕ್ಕಿಕಾಳಿಗಿಂತ ಕೊಂಚ ದಪ್ಪ.
ದುದ್ದದ ಒಂದು ಮನೆಗೆ ವಾರ್ತೆ, ಪೇಟೆ ಧಾರಣೆ,
ಯಾರದೋ ಕೊಳಲು, ಎಲ್ಲ ಹಾದದ್ದು ಇದರೊಳಗಿಂದಲೇ.
ಬಿಸಿ ಗಾಜಿಗೆ ಏರದಂತೆ
ಅದರ ಕಾಲನ್ನು ಇಕ್ಕಳದಲ್ಲಿ ಹಿಡಿದುಕೊಂಡೆ,
ಅಬ್ಬಾ ನನ್ನ ಕೈ ಹಿಡಿದು ತೋರಿಸಿದ ಹಾಗೆ.
ಸಿಲಿಕಾನು ಒಂದು ಅಲ್ಲೇ ಇರಲಿ. ಅದರ ಎದುರಿಗೆ ಇದು.
ಚೀಟಿಯ ಹಿಂದೆ ಬರೆದೆ:
'ಡಯೋಡು ಒಂದು, ಕಡ. ವಾಪಸು ಕೊಡತಕ್ಕದ್ದು.'

ಧರಣೇಂದ್ರ ಮೀಟಿದ.
ಮೀಟಿದ ತಂತಿಯನ್ನು ಬೆರಳಲ್ಲಿ ಒತ್ತಿ ಮೇಲಕ್ಕೆ ತಳ್ಳಿದ.
ದನಿ ಏರಿತು, ಇನ್ನೂ ಏರಿತು,
ಅಂಚಿನಲ್ಲಿ ಒಂದೆಳೆ ಹರಿಯಿತು,
ಹರಿದ ಮೇಲೂ ಬೀಳದೆ ನಿಂತಿತು.
ಪಕ್ಕದ ಹಿಟ್ಟಿನ ಗಿರಣಿಯ ಗುಂಯ್ ಕೂಡ
ಅದರಲ್ಲಿ ಸೇರಿಕೊಂಡಿತ್ತು;
ಅದನ್ನು ತೆಗೆಯುವುದು ನನ್ನಿಂದ ಆಗಲಿಲ್ಲ.

"ಹತ್ತೂಕಾಲು," ಅಂದ ಅವನು, ಕಣ್ಣು ಮುಚ್ಚಿಕೊಂಡೇ.
"ಕಾಲು ಗಂಟೆ ಜಾಸ್ತಿ ಆಯ್ತು ಅಕ್ಕ."
"ಗುಂಡಿ ತಿರುಗಿಸಿ ಸರಿ ಮಾಡ್ಕೊ."

ಗುಂಡಿಗೆ ಕೈ ಹಾಕಲಿಲ್ಲ ಅವನು.