ಎಡಗಡಿ ಮೂರನೇ ಬಾಗಲಾ

ಮಹಾನಂದಾನ ಬಲಗೈ ಪ್ಲಾಸ್ಟರಿನಾಗ ಅದ.
ಡಾಕ್ಟರ್ ಆರು ವಾರ ಅಂದಾನ, ದೀಪಾವಳಿಗೆ ಒಂಬತ್ತೇ ದಿನ.
ಹಿಂಗಾಗಿ, ಮೂವತ್ತೊಂದು ವರ್ಷ
ಸೋಲಾಪುರದ ಪವರ್‌ಲೂಮಿನಾಗ ಚಾದರ ನೇಯ್ದ ನಾನು
ಅಡಿಗಿಮನಿ ಕಪಾಟದ ಮುಂದ
ಮೊದಲ ಸಲ ಮೊಣಕಾಲೂರಿ ಕುಂತೇನಿ.

ಆಕಿ ಹೊಸ್ತಲದಾಗ ಖುರ್ಚಿ ಹಾಕ್ಕೊಂಡಾಳ,
ಮುಕಾದಮನಂಗ.

"ಮೊದಲ ಎಲ್ಲಾ ಹೊರಗ ತಗೀರಿ.
ಇದ್ದ ಸಾಲಿನಾಗೇ ಇಡ್ರಿ, ಅಡ್ನಾಡಿ ಮಾಡಬ್ಯಾಡ್ರಿ."

ಸಾಲು ಮೂರನೇ ಡಬ್ಬಿಗೇ ತಪ್ಪಿತು.
ಹಾಲಿನಪುಡಿ ಡಬ್ಬಿಯಾಗ ಹುಣಸಿಹಣ್ಣು,
ಬಿಸ್ಕಿಟಿನ ಡಬ್ಬಿಯಾಗ ಲೈಟ್ ಬಿಲ್ಲು,
ಚಹಾಪುಡಿ ಅಂತ ಬರದದ್ದರಾಗ ಅಗಸಿ ಹಿಂಡಿ.
ಯಾವ ಡಬ್ಬಿನೂ ತನ್ನ ಹೆಸರು ಖರೇ ಹೇಳೂದಿಲ್ಲ.
ಆಕಿಗೆ ಮಾತ್ರ ಕತ್ತಲದಾಗೂ ಗೊತ್ತು.

ಫಳಿಗೆ ಹಾಸಿದ ಪೇಪರು ಎಬ್ಬಿಸಿದೆ.
ಮ್ಯಾಲಿಂದು ಮರಾಠಿ,
ಅದರ ಬುಡಕ ತೆಲುಗು, ಎದುರಮನಿ ಯೆಮುಲ್ ಅತ್ತಿ ಕೊಟ್ಟ ರದ್ದಿ,
ಎಲ್ಲಾದರ ತಳಕ ಕನ್ನಡ,
ಇಂಡಿಯ ತವರಮನಿಯಿಂದ ಆಕಿ ಕಪ್ಪು-ಬಶಿ ಸುತ್ತಿಕೊಂಡು ಬಂದ ಹಾಳಿ.
ಮೂರನ್ನೂ ಜಿರಳಿ
ಒಂದೇ ರುಚಿಲೆ ತಿಂದಾವ.

ಬಿಸಿನೀರು, ಸೋಡಾ, ಅರ್ಧ ನಿಂಬಿಹಣ್ಣು.
"ಅರಿವಿ ಹಿಂಡಿ ಒರಸ್ರಿ. ಪ್ಲಾಯಿಗೆ ನೀರು ಕುಡಿಸಬ್ಯಾಡ್ರಿ,
ಕುಡದ್ರ ಹೊಟ್ಟಿ ಉಬ್ಬಸ್ತದ."
ಸಿಂಕಿನ ಬುಡಕಿಂದು ಆಗಲೇ ಉಬ್ಬೇದ,
ಒತ್ತಿದ್ರ ಚಹಾದಾಗ ನೆನಸಿದ ಟೋಸ್ಟು.
"ಪೈಪು ಸೋರ್ತದಂತ ಎರಡು ವರ್ಷ ಬಡಕೊಂಡೆ."
ಕೇಳಿದ್ದಿಲ್ಲ ನಾನು.
ಮಗ್ಗದ ಖಡಾಖಡ ತುಂಬಿದ ಕಿವ್ಯಾಗ
ಹನಿಗೆ ಜಾಗಾ ಎಲ್ಲಿ?
ಈಗೂ ಆಕಿ ಏನಿದ್ರೂ ಎರಡು ಸಲ ಹೇಳ್ತಾಳ,
ಎರಡನೇ ಸಲ ಸಿಟ್ಟಿಲೆ.

ಬಾಗಲಾ ಒರಸೂವಾಗ ಕಂಡಿತು:
ಸ್ಟೀಲಿನ ಹಿಡಿಕಿ ಇನ್ನೂ ಝಗಝಗ ಹೊಸಾದು.
ಅದರ ಕೆಳಗ, ಅಂಚಿಗೆ, ಸನ್ಮೈಕಾದ ಬಣ್ಣ ಹೋಗಿ
ಕಿರಿಬೆರಳಿನಷ್ಟು ಬೆಳ್ಳಗ.
ಹಿಟ್ಟಿನ ಕೈಲೆ ಹಿಡಿಕಿ ಮುಟ್ಟಬಾರದಂತ
ಆಕಿ ಎಳದೆಳದು ತೇದ ಜಾಗಾ.
ಕಲಿ ಅಂತ ತಿಳಕೊಂಡು ತಿಕ್ಕಿದೆ, ತಿಕ್ಕಿದೆ.
"ಅದು ಹೋಗೂದಲ್ಲ, ಬಿಡ್ರಿ."

ಆಮ್ಯಾಲೆ ನನ್ನ ಕೆಲಸ ಬಂತು.
ಕಾರ್ಖಾನಿ ಬಂದ್ ಆದ ದಿನ ಕಿಸೆದಾಗ ಇಟಕೊಂಡು ಬಂದ
ಉದ್ದ ಮೂತಿಯ ಎಣ್ಣಿ ಕುಪ್ಪಿ.
ಒಂದೊಂದು ಬಿಜಾಗರಿಗೆ ಒಂದೊಂದೇ ಹನಿ.
ಸಡ್ಲಾದ ಸ್ಕ್ರೂದ ತೂತಿಗೆ
ಕಡ್ಡಿಪೆಟ್ಟಿಗಿ ಕಡ್ಡಿ ಮುರದು ತುಂಬಿ ಬಿಗದೆ.
ಆಕಿ ಏನೂ ಅನ್ನಲಿಲ್ಲ. ಮುಕಾದಮ ಸುಮ್ಮಕಿದ್ರ
ಶಾಬಾಸಕಿ ಅಂತ ತಿಳಕೊಳ್ಳೂದು.

ಎಡಗಡಿ ಮೂರನೇ ಬಾಗಲಾಕ್ಕ ಬಂದೆ.
"ಅದಕ್ಕ ಬ್ಯಾಡ!"
ಎರಡನೇ ಸಲ ಕೇಳಸೂದರಾಗ ಹನಿ ಇಳದಿತ್ತು.

"ಯಾಕ?"
ಆಕಿ ನಕ್ಕಳು, ಪ್ಲಾಸ್ಟರಿನ ಕೈ ಹೊಟ್ಟಿಗೆ ಒತ್ತಿಕೊಂಡು.
ಆ ಬಾಗಲಾ ತಗದ್ರ ನವಿಲು ಒದರಿದಂಗ ಒದರ್ತದಂತ.
ಶೇಂಗಾ ಉಂಡಿ ಡಬ್ಬಿ ಇರೂದು ಅದರಾಗೇ.
ಸಕ್ಕರಿ ಬ್ಯಾನಿ ಅಂತ ಗೊತ್ತಾಗಿ ಏಳು ವರ್ಷ.
ಏಳು ವರ್ಷ, ರಾತ್ರಿ ಬೆಕ್ಕಿನ ಹೆಜ್ಜಿಲೆ ಬಂದು
ಸಪ್ಪಳಿಲ್ಲದ ಕದ್ದೇನಂತ ನಾನು ತಿಳದಿದ್ದೆ;
ಆಕಿ ಹಾಸಿಗ್ಯಾಗ ಮಲಗಿ ಎಣಸ್ತಿದ್ದಳು.
ಕೆಲವು ದಿನ ನನ್ನ ತಾಟಿಗೆ
ಒಂದು ರೊಟ್ಟಿ ಯಾಕ ಕಮ್ಮಿ ಬೀಳ್ತಿತ್ತು
ಅಂಬೂದು ಈಗ ತಿಳೀತು.

ಸಂಜಿತನಕ ಬಾಗಲಾ ತಗದಿಟ್ಟು ಒಣಗಿಸಿದೆ.
ಬೇವಿನ ಎಲಿ, ನಾಕು ಲವಂಗ, ಹೊಸ ಪೇಪರು.
ಡಬ್ಬಿ ಒಳಗ ಹೋದವು, ಆಕಿ ಎಡಗೈ ತೋರಿಸಿದಲ್ಲಿ.

ರಾತ್ರಿ ಎದ್ದೆ.
ಬಾಗಲಾ ತಗದೆ. ಖರೇನೇ ಸಪ್ಪಳಿಲ್ಲೋ,
ನನ್ನ ಕಿವಿಗಷ್ಟೇ ಇಲ್ಲೋ.
ಡಬ್ಬಿ ಮ್ಯಾಲೆ ಕೈ ಇಟ್ಟು ಸ್ವಲ್ಪ ಹೊತ್ತು ನಿಂತೆ.
ಕಡೀಕ ನಾನೇ ಒದರಿದೆ:
"ಮಹಾನಂದಾ, ಒಂದು ಉಂಡಿ ತಗೋತೀನಿ."

ಆಕಿ ಏನೋ ಅಂದಳು.
ಕೇಳಲಿಲ್ಲ.
ಸಣ್ಣದು ನೋಡಿ ತಗೊಂಡೆ.