ಹತ್ತಿರದ ನೀರು

ವಾಡಿ ದಾಟಿ, ಸಿಮೆಂಟಿನ ಧೂಳಿಗೆ ಬೆಳ್ಳಗಾದ ಜಾಲಿಗಳನ್ನು ದಾಟಿ
ಜೀಪು ನಿಂತಾಗ ಐದೂ ಮುಕ್ಕಾಲು.
ಕೈಯಲ್ಲಿ ಇಲಾಖೆಯ ಹಾಳೆ: ಪ್ರಾಣಿ, ಗಂಡು, ಹೆಣ್ಣು, ಮರಿ,
ಕಂಡ ವೇಳೆ, ಹತ್ತಿರದ ನೀರು.
ಎಣಿಕೆಗೆಂದು ಕಾಲೇಜಿನಿಂದ ಬಂದವಳು ನಾನು,
ಹೊಸ ಬೂಟು, ಎರವಲು ದುರ್ಬೀನು.

ಕಾವಲಿನ ಲಾಡ್ಲೇಸಾಬನ ಕಾಲಿಗೆ ಸವೆದ ಹವಾಯಿ ಚಪ್ಪಲಿ.
ಇಪ್ಪತ್ತೆರಡು ವರ್ಷ ಫರ್ಸಿ ಖಣಿಯಲ್ಲಿ ಕಲ್ಲು ಎಬ್ಬಿಸಿದವನು;
ಎಡಗೈಯ ಎರಡು ಬೆರಳು ಈಗಲೂ ಅಲ್ಲೇ ಎಲ್ಲೋ ಇವೆಯಂತೆ.
"ಹಗೂರ ಬರ್ರಿ ಮೇಡಮ್, ಇಲ್ಲಿ ನೆಲಕ್ಕ ಕಿವಿ ಅದಾವ."

ಹುಲ್ಲು ಮೊಣಕಾಲಿನವರೆಗೆ.
ನಿನ್ನೆಯ ಕಟಕ ರೊಟ್ಟಿಯ ಅಂಚಿನ ಬಣ್ಣ.
ಮೊದಲು ಏನೂ ಕಾಣಲಿಲ್ಲ.
ಆಮೇಲೂ ಏನೂ ಕಾಣಲಿಲ್ಲ.
ಆಮೇಲೆ ಆ ಏನೂ ಇಲ್ಲದ್ದೇ ಕತ್ತೆತ್ತಿ ನಮ್ಮನ್ನು ನೋಡಿತು.

ಚಿಗರಿ. ಹತ್ತೋ, ಹನ್ನೊಂದೋ.
ಒಂದರ ಬೆನ್ನು ತವೆಯಷ್ಟು ಕಪ್ಪು, ಕೊಂಬು ಹಿಂಡಿದ ಬಟ್ಟೆಯ ಹಾಗೆ.
ಪೆನ್ನಿನ ಟೊಪ್ಪಿಗೆ ತೆಗೆದ ಸದ್ದಿಗೇ ಹಾರಿದವು.
ಬೇಲಿಯಿಲ್ಲದ ಬಯಲಿನಲ್ಲಿ ಬೇಲಿ ದಾಟುವ ಹಾಗೆ ಒಂದರ ಹಿಂದೊಂದು,
ಅದೇ ಜಾಗದಲ್ಲಿ, ಅದೇ ಎತ್ತರಕ್ಕೆ.
ಎಂದೋ ಕಿತ್ತ ತಂತಿ ಅವುಗಳ ಕಾಲಿನಲ್ಲಿ ಉಳಿದಿತ್ತೇನೋ.
ನನ್ನ ಲೆಕ್ಕ ತಪ್ಪಿತು.
"ಹದಿಮೂರು," ಅಂದ ಅವನು, ಅತ್ತ ನೋಡದೆ.

ಒಂದು ಉಡ. ಎರಡು ಮೊಲದ ಕಿವಿ, ಮೊಲವಿಲ್ಲದೆ.
ದಾರಿಯ ನಡುವೆ ಒಣಗಿದ ತೋಳದ ಹಿಕ್ಕೆ;
ಕಡ್ಡಿಯಿಂದ ಬಿಡಿಸಿ, ಕೂದಲು ಬೆಳಕಿಗೆ ಹಿಡಿದು
ಮಗುವಿನ ಜ್ವರ ಇಳಿದವನ ಹಾಗೆ ನಕ್ಕ:
"ಕುರಿದಲ್ಲ. ಕುರುಬರು ಈ ವಾರ ಸುಮ್ಮನಿರ್ತಾರ."

ಬಿಸಿಲು ಏರಿತ್ತು. "ಬಾಟ್ಲಿ ಕೊಡ್ರಿ," ಅಂದ.
ಕುಡಿಯಲಿಲ್ಲ. ಬೋಳು ಹಾಸುಗಲ್ಲಿನ ಮೇಲೆ
ನನ್ನ ನೀರನ್ನೆಲ್ಲ ಸುರಿದು, ಮೂರು ಬೆರಳಲ್ಲಿ ಸವರಿದ.
ಬೂದು ಕಲ್ಲು ಕಪ್ಪಾಯಿತು. ಒಳಗಿಂದ
ಸಣ್ಣ ಸಣ್ಣ ತೆರೆಗಳೆದ್ದು, ಒಂದನ್ನೊಂದು ತಳ್ಳುತ್ತ
ನನ್ನ ಬೂಟಿನ ತುದಿಗೆ ಬಂದು ನಿಂತವು.

"ಇದು ಸಮುದ್ರದ ದಂಡಿ. ನಮ್ಮಪ್ಪ ತೋರಿಸ್ದ, ಅವಗ ಅವರಪ್ಪ.
ಸಮುದ್ರ ಎದ್ದು ಹೋಗ್ಯಾದ.
ಹಾಸಿಗಿ ಸುತ್ತಿಟ್ಟಿಲ್ಲ ನೋಡ್ರಿ."

ನಮ್ಮ ಮನೆಯ ಬಚ್ಚಲಿಗೂ ಇದೇ ಕಲ್ಲು.
ಇಷ್ಟು ವರ್ಷ ಅದರ ಮೇಲೆ ನಿಂತು ಮಿಂದಿದ್ದೇನೆ;
ಪಾದಕ್ಕೆ ಒತ್ತುವ ಆ ಗೀರು
ಯಾವನೋ ಕಲ್ಲುಕುಟಿಗನ ಸೋಮಾರಿತನ ಎಂದೇ ತಿಳಿದಿದ್ದೆ.

ನಾಲ್ಕು ನಿಮಿಷ. ಕಲ್ಲು ಮತ್ತೆ ಬೂದು.
ಕಡಲಿಗೆ ಹಾಳೆಯಲ್ಲಿ ಕಾಲಂ ಇರಲಿಲ್ಲ.

ಆಗ ಟಿಟ್ಟಿಭವೊಂದು ತಲೆಯ ಮೇಲೆ ಸುತ್ತಿ ಸುತ್ತಿ ಬೈಯತೊಡಗಿತು.
ಅವನು ತೋಳು ಅಡ್ಡ ಹಿಡಿದ. ನನ್ನ ಮುಂದಿನ ಹೆಜ್ಜೆಯ ಕೆಳಗೆ
ಒಡೆದ ಫರ್ಸಿ ಚೂರುಗಳ ನಡುವೆ
ಫರ್ಸಿ ಚೂರುಗಳಲ್ಲದ ನಾಲ್ಕು.
ಹಿಂದೆ ಸರಿದು ಕೂತೆವು. ಜಾಲಿಯ ನೆರಳು ಒಬ್ಬರಿಗೆ ಸಾಲುವಷ್ಟೇ;
ಅವನು ಬಿಸಿಲಿಗೆ ಕೂತ.

ಹಕ್ಕಿ ಬಿಟ್ಟ ಖಣಿಯ ಹೊಂಡಕ್ಕಿಳಿಯಿತು. ಕುಡಿಯಲಿಲ್ಲ ಅದೂ.
ಹೊಟ್ಟೆಯ ಗರಿ ನೀರಿಗದ್ದಿ, ಅದ್ದಿ,
ತೊಟ್ಟಿಕ್ಕುತ್ತ ಹಾರಿ ಬಂದು
ಕಾದ ಮೊಟ್ಟೆಗಳ ಮೇಲೆ ಮೆಲ್ಲನೆ ಕೂತಿತು.
ಎದ್ದು ಹೋಯಿತು. ಮತ್ತೆ ಬಂತು.
ಏಳು ಸಲ ಎಣಿಸಿದೆ. ಎಂಟನೆಯದಕ್ಕೆ ಪೆನ್ನು ತೆಗೆದೆ.

"ಬರೀಬ್ಯಾಡ್ರಿ," ಅಂದ ಲಾಡ್ಲೇಸಾಬ್.
"ಬರದ್ರ ನಾಳಿ ಹತ್ತು ಮಂದಿ ನೋಡ್ಲಾಕ ಬರ್ತಾರ.
ನೋಡೋರ ಕಾಲು ಭಾಳ ದೊಡ್ಡವು."

ಹಾಳೆಯಲ್ಲಿ ಉಳಿದದ್ದು: ಚಿಗರಿ ಹದಿಮೂರು, ಉಡ ಒಂದು.
ಹತ್ತಿರದ ನೀರು: ಖಣಿ ಹೊಂಡ, ಅಂದಾಜು ಇನ್ನೂರು ಮೀಟರ್.
ಹಕ್ಕಿಯ ಅಳತೆಯಲ್ಲಿ ಎಷ್ಟೋ ತಿಳಿಯದು.

ಜೀಪಿಗೆ ಇನ್ನೂ ಒಂದೂವರೆ ಮೈಲು.
ಬಾಟ್ಲಿ ಖಾಲಿ, ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿದೆ.
ಮುಂದೆ ಚಟ್ ಚಟ್ ಎನ್ನುತ್ತ ಅವನ ಚಪ್ಪಲಿ,
ಹಿಂದೆ ನಾನು, ಬೂಟು ಬಿಚ್ಚಿ ಕೈಯಲ್ಲಿ ಹಿಡಿದು,
ಸುಡುವ ಕಡಲಿನ ಮೇಲೆ
ಒಂದೊಂದೇ ತೆರೆಯನ್ನು ಕಾಲಿನಿಂದ ತಡವುತ್ತ.